ಲವಂಗಕ್ಕೆ ಹೆದರಿ ನೋವು ಓಡಿಹೋಯ್ತು ಅಂದುಕೊಂಡಿದ್ದೆ

ಕೆಳದವಡೆಯ ಬಲಗಡೆ ಹಲ್ಲು ಮೊದಲು ಜುಮ್ ಅಂದಿದ್ದು ತಣ್ಣೀರಿಗೆ. ದಸರಾಕ್ಕೆ ಇನ್ನು ಮೂರು ವಾರ ಇತ್ತು. ಬ್ಲೌಸ್ ಹೊಲಿಯುವವರ ಮನೆಯಲ್ಲಿ ದಸರಾ, ದೀಪಾವಳಿ ಅಂದರೆ ಗೊತ್ತಲ್ವಾ? ನಲವತ್ತು ಬ್ಲೌಸು ಕತ್ತರಿಸಿ ಗಂಟು ಕಟ್ಟಿಟ್ಟಿದ್ದೆ. ಹಲ್ಲಿಗೆ ಟೈಮ್ ಎಲ್ಲಿಂದ ತರೋದು? ತಣ್ಣೀರು ಬಿಟ್ಟು ಉಗುರುಬೆಚ್ಚಗಿನ ನೀರು ಕುಡಿಯೋಕೆ ಶುರು ಮಾಡಿದೆ. ವಾರ ಕಳೆಯುವಷ್ಟರಲ್ಲಿ ಬಿಸಿ ಟೀಗೂ ನೋವು. ಆಮೇಲೆ ಬಿಸಿ, ತಣ್ಣಗೆ ಯಾವುದೂ ಬೇಡ, ಸುಮ್ನೆ ಮಲಗಿದರೆ ಸಾಕು, ಹಲ್ಲು ಡಬ್ ಡಬ್ ಅಂತ ಬಡಿಯುತ್ತಿತ್ತು. ಎದ್ದು ಕೂತರೆ ಸ್ವಲ್ಪ ಕಡಿಮೆ. ಹಾಗಾಗಿ ರಾತ್ರಿಯೆಲ್ಲ ಕೂತು ಹೊಲಿದೆ. ಆ ವರ್ಷ ಒಬ್ಬರ ಬ್ಲೌಸೂ ತಡವಾಗಲಿಲ್ಲ.

ಮನೆಮದ್ದು ನನಗೆ ಹೊಸದಲ್ಲ. ಅಪ್ಪ ದಾವಣಗೆರೆಯ ಕಾಟನ್ ಮಿಲ್ಲಿಗೆ ಹೋಗುತ್ತಿದ್ದರು. ಬೆಳಗಿನ ಪಾಳಿಗೆ ಹೊರಡುವ ಮುಂಚೆ ಒಲೆಯ ಇದ್ದಿಲನ್ನು ಅಂಗೈಯಲ್ಲಿ ಪುಡಿ ಮಾಡಿ, ಚಿಟಿಕೆ ಉಪ್ಪು ಬೆರೆಸಿ, ತೋರುಬೆರಳಿನಲ್ಲಿ ಹಲ್ಲು ತಿಕ್ಕುತ್ತಿದ್ದರು. ಅಜ್ಜಿಗೆ ಬೇವಿನ ಕಡ್ಡಿ. ಅದಿಲ್ಲದಿದ್ದರೆ ಹೊಂಗೆ ಕಡ್ಡಿ. ಬಾಯಿ ವಾಸನೆಗೆ ಸೀಬೆ ಎಲೆ, ಒಸಡು ಊದಿದರೆ ಉಪ್ಪುನೀರು, ಹಲ್ಲು ನೋವಿಗೆ ಲವಂಗ. ಇಷ್ಟೇ ನಮ್ಮ ಮನೆಯ ದಂತವೈದ್ಯ.

ನಾನೂ ಅದನ್ನೇ ಮಾಡಿದೆ. ಮೊದಲು ಲವಂಗ ಕಚ್ಚಿ ಹಿಡಿದೆ. ಹತ್ತು ನಿಮಿಷಕ್ಕೆ ಆ ಜಾಗ ಮರಗಟ್ಟಿದ ಹಾಗಾಗುತ್ತಿತ್ತು, ಸುಳ್ಳು ಹೇಳಲ್ಲ. ಆದರೆ ಒಂದೆರಡು ಗಂಟೆ ಆದಮೇಲೆ ಮತ್ತೆ ಶುರು. ಗ್ರಂಥಿಗೆ ಅಂಗಡಿಯಿಂದ ಲವಂಗದ ಎಣ್ಣೆ ತಂದು ಹತ್ತಿಯಲ್ಲಿ ಅದ್ದಿ ಹಲ್ಲಿನ ತೂತಿಗೆ ಒತ್ತಿದೆ. ಜಾಸ್ತಿ ಹಾಕಿದರೆ ಜಾಸ್ತಿ ಗುಣ ಅಂದುಕೊಂಡು ಹನಿ ಲೆಕ್ಕ ಇಡಲಿಲ್ಲ. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಪಕ್ಕದ ಒಸಡು ಸುಟ್ಟು ಬೆಳ್ಳಗೆ ಆಗಿತ್ತು. ಹಲ್ಲು ನೋವಿನ ಜೊತೆಗೆ ಬಾಯಿ ಹುಣ್ಣು ಬಿಟ್ಟಿ ಸಿಕ್ಕಿತು. ಇಂಗು ತುಂಬಿದೆ, ಬೆಳ್ಳುಳ್ಳಿ ಜಜ್ಜಿ ಇಟ್ಟೆ. ಪಕ್ಕದ ಮನೆಯವರು ನೋವಿನ ಮಾತ್ರೆಯನ್ನು ನುಂಗದೆ ಒಸಡಿಗೇ ಒತ್ತಿಕೋ ಅಂದರು. ಸುಟ್ಟಿದ್ದು ಸಾಕಾಗಿತ್ತು, ಅದೊಂದು ಮಾಡಲಿಲ್ಲ. ಆಸ್ಪಿರಿನ್ ಹಾಗೆ ಒಸಡಿನ ಮೇಲಿಟ್ಟರೆ ಅದೂ ಸುಡುತ್ತದೆ ಅಂತ ಆಮೇಲೆ ಗೊತ್ತಾಯಿತು.

ಇನ್ನೊಬ್ಬರು ಹುಳ ತೆಗೆಸು ಅಂದರು. ನಮ್ಮಮ್ಮನ ತವರು ಜಗಳೂರು ಕಡೆ. ಅಲ್ಲಿ ಹುಳ ತೆಗೆಯೋದನ್ನು ಚಿಕ್ಕವಳಿದ್ದಾಗ ಕಣ್ಣಾರೆ ನೋಡಿದ್ದೇನೆ. ಕಾದ ಕಬ್ಬಿಣದ ಮೇಲೆ ಗುಳ್ಳದ ಬೀಜ, ಎಣ್ಣೆ ಹಾಕಿ ಹೊಗೆ ಎಬ್ಬಿಸುತ್ತಾರೆ. ಆ ಹೊಗೆಯನ್ನು ಕೊಳವೆಯಲ್ಲಿ ಬಾಯಿಗೆ ಬಿಡುತ್ತಾರೆ. ಜೊಲ್ಲು ಸುರಿದು ಬಟ್ಟಲಿಗೆ ಬೀಳುತ್ತದೆ, ಅದರಲ್ಲಿ ಬಿಳಿ ಬಿಳಿ ಎಳೆ ತೇಲುತ್ತದೆ. "ನೋಡವ್ವಾ ಹುಳ" ಅಂತ ತೋರಿಸುತ್ತಿದ್ದರು. ಹುಳ ಅಲ್ಲ ಅದು. ಬೀಜ ಬಿಸಿಗೆ ಸಿಡಿದಾಗ ಹೊರಬರುವ ಎಳೆ ಮೊಳಕೆ. ಹಲ್ಲಿನೊಳಗೆ ಹುಳವೇ ಇರುವುದಿಲ್ಲ. ಸಿಹಿ, ಹಿಟ್ಟಿನ ಪದಾರ್ಥ ಹಲ್ಲಿಗೆ ಅಂಟಿಕೊಂಡರೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಅದನ್ನು ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲನ್ನು ಕೊರೆಯುತ್ತದೆ. ನಾನೋ ಹೊಲಿಯುತ್ತಾ ದಿನಕ್ಕೆ ಆರು ಲೋಟ ಸಕ್ಕರೆ ಟೀ ಕುಡಿಯುವವಳು, ಪಕ್ಕದಲ್ಲಿ ಒಂದು ಬಿಸ್ಕತ್ತಿನ ಪ್ಯಾಕೆಟ್.

ದೀಪಾವಳಿ ಹೊತ್ತಿಗೆ ನೋವು ನಿಂತೇಹೋಯಿತು. ತಣ್ಣೀರಿಗೂ ಇಲ್ಲ, ಬಿಸಿಗೂ ಇಲ್ಲ. ಲವಂಗ ಗೆದ್ದಿತು ಅಂತ ನಾಲ್ಕು ಜನಕ್ಕೆ ಹೇಳಿದೆ. ಕಸ್ಟಮರ್‌ಗಳಿಗೂ ಹೇಳಿದೆ. ಪಾಪ, ಅವರಲ್ಲಿ ಎಷ್ಟು ಜನ ನನ್ನ ಮಾತು ಕೇಳಿದರೋ.

ಎಂಟು ತಿಂಗಳು ಏನೂ ಇಲ್ಲ. ಆಮೇಲೆ ಆ ಹಲ್ಲಿನ ಕೆಳಗೆ ಒಸಡಿನಲ್ಲಿ ಒಂದು ಗುಳ್ಳೆ ಎದ್ದಿತು. ನಾಲಿಗೆಯಲ್ಲಿ ಒತ್ತಿದರೆ ಒಡೆದು ಉಪ್ಪುಪ್ಪು ರುಚಿ. ಒಂದೆರಡು ದಿನಕ್ಕೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ನೋವಿಲ್ಲವಲ್ಲ ಅಂತ ಬಿಟ್ಟೆ. ಒಂದು ಸೋಮವಾರ ಎದ್ದರೆ ಬಲಗೆನ್ನೆ ಊದಿ ಕಣ್ಣಿನ ಕೆಳಗಿನವರೆಗೆ ಬಂದಿತ್ತು. ಆಗಲೂ ನನ್ನ ಬುದ್ಧಿ ಓಡಿದ್ದು ಅಡುಗೆಮನೆಗೇ. ಹಂಚು ಬಿಸಿ ಮಾಡಿ ಬಟ್ಟೆಯಲ್ಲಿ ಸುತ್ತಿ ಕೆನ್ನೆಗೆ ಶಾಖ ಕೊಟ್ಟೆ. ಮಧ್ಯಾಹ್ನಕ್ಕೆ ಇನ್ನೂ ಊದಿತು. ಮಗಳು ಬೈದು ಆಟೋ ಹತ್ತಿಸಿದಳು.

ಈ ವಿಷಯದಲ್ಲಿ ದಾವಣಗೆರೆಯವರು ಪುಣ್ಯವಂತರು. ಬಾಪೂಜಿ ಡೆಂಟಲ್ ಕಾಲೇಜು 1979ರಿಂದ ಇದೆ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಬೇರೆ ಇದೆ. ಊರೂರಿಂದ ಇಲ್ಲಿಗೆ ಹುಡುಗರು ಓದೋಕೆ ಬರುತ್ತಾರೆ. ಇಲ್ಲೇ ಹುಟ್ಟಿದ ನಾನು ಅಲ್ಲಿಯವರೆಗೆ ಒಳಗೆ ಕಾಲಿಟ್ಟಿರಲಿಲ್ಲ. ಕಾಲೇಜಿನಲ್ಲಿ ಹುಡುಗರು ನಮ್ಮ ಹಲ್ಲಿನ ಮೇಲೆ ಕಲಿಯುತ್ತಾರೆ ಅನ್ನೋ ಹೆದರಿಕೆ. ಕಲಿಯುತ್ತಾರೆ, ನಿಜ. ಆದರೆ ಪ್ರತಿ ಹಂತಕ್ಕೂ ಹಿರಿಯ ಡಾಕ್ಟರ್ ಬಂದು ನೋಡಿ ಸರಿ ಅಂದಮೇಲೇ ಮುಂದಿನ ಕೆಲಸ. ನನ್ನ ಹತ್ತಿರ ಕೆಲಸ ಕಲಿಯೋ ಹುಡುಗಿ ಹೊಲಿದ ಬ್ಲೌಸನ್ನು ನಾನು ತಿರುವಿ ನೋಡಲ್ವಾ, ಹಾಗೇ. ಟೈಮ್ ಮಾತ್ರ ಜಾಸ್ತಿ ಹಿಡಿಯುತ್ತದೆ. ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರ್ತೀನಿ ಅಂದುಕೊಳ್ಳಬೇಡಿ.

ನನ್ನನ್ನು ನೋಡಿದ ಹುಡುಗಿಗೆ ನನ್ನ ಮಗಳ ವಯಸ್ಸು. ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲಿಗೆ ಟಕ್ ಟಕ್ ಬಡಿದಳು. ಆ ಹಲ್ಲಿಗೆ ಬಡಿದಾಗ ಕುರ್ಚಿಯಿಂದ ಎದ್ದುಬಿಟ್ಟೆ. ಆಮೇಲೆ ಎಕ್ಸ್‌ರೇ. ಬೇರಿನ ತುದಿಯಲ್ಲಿ ಕಡಲೆಕಾಳಿನಷ್ಟು ಕಪ್ಪು ನೆರಳು.

"ಆಂಟಿ, ಇದು ಮುಂಚೆ ನೋಯ್ತಿತ್ತಾ?"

"ಹೋದ ದಸರಾದಲ್ಲಿ. ಲವಂಗ ಹಾಕಿ ವಾಸಿ ಮಾಡ್ಕೊಂಡೆ."

"ವಾಸಿ ಆಗಿರಲಿಲ್ಲ ಆಂಟಿ. ನರ ಸತ್ತುಹೋಗಿತ್ತು."

ಆ ಮಾತು ತಲೆಗೆ ಹೋಗೋಕೆ ಸ್ವಲ್ಪ ಹೊತ್ತು ಬೇಕಾಯಿತು. ಹಲ್ಲಿನ ಮಧ್ಯದಲ್ಲಿ ನರ, ರಕ್ತನಾಳ ಇರುವ ಒಂದು ಪುಟ್ಟ ಕೋಣೆ ಇದೆ. ಹುಳುಕು ಅಲ್ಲಿಯವರೆಗೆ ಇಳಿದಾಗ ಒಳಗೆ ಊತ ಬರುತ್ತದೆ. ಸುತ್ತ ಗಟ್ಟಿ ಹಲ್ಲು, ಊದೋಕೆ ಜಾಗ ಇಲ್ಲ. ಅದಕ್ಕೇ ಅಷ್ಟು ನೋವು. ಮಲಗಿದರೆ ತಲೆಯ ಕಡೆ ರಕ್ತದ ಒತ್ತಡ ಹೆಚ್ಚಿ ನೋವೂ ಹೆಚ್ಚುತ್ತದೆ. ಕೊನೆಗೆ ನರ ಸಾಯುತ್ತದೆ, ನೋವು ನಿಲ್ಲುತ್ತದೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತವೆ. ನಾನು ಲವಂಗಕ್ಕೆ ಜೈ ಅಂದ ಎಂಟು ತಿಂಗಳೂ ಒಳಗೆ ಇದೇ ನಡೆದಿತ್ತು.

ಶಾಖ ಕೊಟ್ಟೆ ಅಂದಾಗ ಹುಡುಗಿಯ ಮುಖ ಗಂಟಾಯಿತು. ಕೀವು ಇರುವಾಗ ಹೊರಗಿನಿಂದ ಬಿಸಿ ಕೊಟ್ಟರೆ ಊತ ಕೆನ್ನೆಯ ಕಡೆಗೆ ಹರಡಬಹುದಂತೆ. ಬಾಯೊಳಗೆ ಬೆಚ್ಚಗಿನ ಉಪ್ಪುನೀರು ಮುಕ್ಕಳಿಸೋದು ಬೇರೆ, ಅದು ಒಳ್ಳೆಯದು. ಊತದ ಜೊತೆ ಜ್ವರ ಬಂದರೆ, ಬಾಯಿ ತೆರೆಯೋಕೆ, ಉಗುಳು ನುಂಗೋಕೆ, ಉಸಿರಾಡೋಕೆ ಕಷ್ಟ ಆದರೆ ರಾತ್ರಿ ಎಷ್ಟೇ ಹೊತ್ತಾಗಿದ್ದರೂ ದೊಡ್ಡಾಸ್ಪತ್ರೆಗೆ ಓಡಬೇಕು ಅಂದಳು. ನಾನು ತಲೆ ಆಡಿಸಿದೆ. ಬಾಯಲ್ಲಿ ಕನ್ನಡಿ ಇತ್ತು.

ರೂಟ್ ಕೆನಾಲ್‌ಗೆ ನಾಲ್ಕು ಸಲ ಹೋದೆ. ಜನ ಹೇಳುವಷ್ಟು ಭಯಂಕರ ಅಲ್ಲ. ಇಂಜೆಕ್ಷನ್ ಚುಚ್ಚಿದ್ದೇ ಜಾಸ್ತಿ ನೋವು. ನನಗೆ ಮಜಾ ಅನ್ನಿಸಿದ್ದು ಅವರ ಸೂಜಿಗಳು. ಫೈಲ್ ಅಂತಾರೆ. ಹಿಡಿಗೆ ಬಿಳಿ, ಹಳದಿ, ಕೆಂಪು ಬಣ್ಣ, ಮೇಲೆ ನಂಬರ್: 15, 20, 25. ನಾನೂ ಸೂಜಿ ನಂಬರಿನಲ್ಲೇ ಬದುಕುವವಳಲ್ವಾ, ಕೇಳಿದೆ. ನನ್ನ ಮಷಿನ್ನಿನ 16ನೇ ನಂಬರ್ ಸೂಜಿ 1 ಮಿಲಿಮೀಟರ್ ದಪ್ಪ. ಅವರ 15ನೇ ನಂಬರ್ ಫೈಲಿನ ತುದಿ 0.15 ಮಿಲಿಮೀಟರ್. ಅಷ್ಟು ಸಣ್ಣದರಲ್ಲಿ ಬೇರಿನೊಳಗಿನ ದಾರಿ ಕೆರೆದು, ಬ್ಲೀಚಿಂಗ್ ಪೌಡರ್ ವಾಸನೆಯ ನೀರಿನಲ್ಲಿ ತೊಳೆದು, ಕೊನೆಗೆ ರಬ್ಬರಿನಂಥ ಗುಲಾಬಿ ಕಡ್ಡಿ ತುಂಬಿ ಮುಚ್ಚಿದರು. ನನ್ನ ಹಲ್ಲಿಗೆ ಅಂಥ ದಾರಿ ಮೂರು ಇದ್ದವು. ಮೇಲೆ ಕ್ಯಾಪ್ ಹಾಕಿಸಿಕೊಂಡೆ. ನರ ತೆಗೆದ, ಅರ್ಧ ಕೊರೆದ ದವಡೆ ಹಲ್ಲನ್ನು ಹಾಗೇ ಬಿಟ್ಟರೆ ಚಕ್ಕುಲಿ ಕಡಿಯುವಾಗ ಸೀಳಿಹೋಗುತ್ತದೆ. ದುಡ್ಡು ಹೋಯಿತು. ತೂತು ಚಿಕ್ಕದಿದ್ದಾಗಲೇ ಬಂದಿದ್ದರೆ ಒಂದೇ ದಿನ ಸಿಮೆಂಟ್ ತುಂಬಿಸಿಕೊಂಡು ಹೋಗಬಹುದಿತ್ತು ಅಂತ ಅವರು ಹೇಳಿದಾಗ ಹೊಟ್ಟೆ ಉರಿದಿದ್ದು ಮಾತ್ರ ಸುಳ್ಳಲ್ಲ.

ಎರಡನೇ ಸಲ ಹೋದಾಗ ಒಂದು ಮಾತಾಯಿತು. ಬಿಳಿ ಪುಡಿಗೆ ಏನೋ ಎಣ್ಣೆ ಹಾಕಿ ಗಾಜಿನ ಮೇಲೆ ಕಲೆಸುತ್ತಿದ್ದರು. ಘಮ್ ಅಂತ ಲವಂಗ! "ಇದೇನು ನೀವೂ ಅಜ್ಜಿ ಮದ್ದು ಹಾಕ್ತೀರಾ" ಅಂದೆ. ಹುಡುಗಿ ನಕ್ಕಳು. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಅನ್ನೋದನ್ನು ಜಿಂಕ್ ಆಕ್ಸೈಡ್ ಪುಡಿಗೆ ಕಲೆಸಿ ತಾತ್ಕಾಲಿಕವಾಗಿ ತೂತು ಮುಚ್ಚುತ್ತಾರೆ. ನಮ್ಮಜ್ಜಿ ತಪ್ಪು ಹೇಳಿರಲಿಲ್ಲ. ಬೆಳಗಿನವರೆಗೆ ತಡೆದುಕೊಳ್ಳೋಕೆ ಅದು ಸಾಕು. ನಾನು ಅದರಲ್ಲೇ ಒಂದು ತಿಂಗಳು ತಳ್ಳಿದೆ.

ಅಜ್ಜಿಯ ಮಾತು ಬಂತು ಅಂತ ಹೇಳುತ್ತೇನೆ. "ನಮ್ಮಜ್ಜಿಗೆ ಎಂಬತ್ತಾದರೂ ಹಲ್ಲು ಗಟ್ಟಿ, ಪೇಸ್ಟ್ ಮುಟ್ಟಿರಲಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಅಪ್ಪನ ಅಮ್ಮನಿಗೆ ನಿಜವಾಗಿಯೂ ಹಲ್ಲು ಗಟ್ಟಿ ಇದ್ದವು. ಜೋಳದ ರೊಟ್ಟಿ, ಪುಂಡಿಪಲ್ಯ, ಹಬ್ಬಕ್ಕೆ ಮಾತ್ರ ಸಿಹಿ. ಆದರೆ ಅಮ್ಮನ ಅಮ್ಮನಿಗೆ ಐವತ್ತಕ್ಕೇ ಬೊಚ್ಚುಬಾಯಿ. ಅವರೂ ಬೇವಿನ ಕಡ್ಡಿಯವರೇ. ಹಲ್ಲು ನೋವಿಗೆ ಅಂತ ದವಡೆಗೆ ಹೊಗೆಸೊಪ್ಪು ಇಟ್ಟುಕೊಳ್ಳೋಕೆ ಶುರು ಮಾಡಿ, ನೋವು ಹೋದಮೇಲೂ ಚಟ ಹೋಗಲಿಲ್ಲ. ಆ ಅಜ್ಜಿಯ ಕಥೆಯನ್ನು ಯಾರೂ ಹೇಳಲ್ಲ. ಹೊಗೆಸೊಪ್ಪಿನ ಮನೆಮದ್ದು ಮಾತ್ರ ಯಾರಿಗೂ ಹೇಳಿಕೊಡಬೇಡಿ. ಬಾಯಿ ಕ್ಯಾನ್ಸರ್‌ಗೆ ಅದೇ ದಾರಿ.

ಜಗಳೂರು ಕಡೆಯ ನಮ್ಮ ನೆಂಟರದ್ದು ಇನ್ನೊಂದು ಗೋಳು. ಅಲ್ಲಿ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಲೆಕ್ಕ. ಅದು ದಾಟಿದ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಹಳದಿ, ಕಂದು ಪಟ್ಟೆ. ನನ್ನ ಮಾವನ ಮಗಳನ್ನು ನೋಡೋಕೆ ಗಂಡಿನ ಕಡೆಯವರು ಬಂದಾಗ "ಬಾಯಿ ಬಿಟ್ಟು ನಗಬ್ಯಾಡ" ಅಂತ ಅತ್ತೆ ಹೇಳಿದ್ದು ಈಗಲೂ ನೆನಪಿದೆ. ಅವಳು ತಿಂಗಳುಗಟ್ಟಲೆ ನಿಂಬೆಹಣ್ಣು, ಸೋಡಾ, ಇದ್ದಿಲು ತಿಕ್ಕಿದಳು. ಕಲೆ ಹೋಗಲಿಲ್ಲ. ಹೇಗೆ ಹೋದೀತು? ಹಲ್ಲು ಒಸಡಿನೊಳಗೆ ರೂಪ ಆಗುವಾಗಲೇ ಸೇರಿಕೊಂಡ ಬಣ್ಣ ಅದು. ನಿಂಬೆಯ ಹುಳಿಗೆ ಮೇಲಿನ ಹೊಳಪು ಪದರ ಸವೆದು ಈಗ ಅವಳಿಗೆ ಮಜ್ಜಿಗೆ ಕುಡಿದರೂ ಜುಮ್ ಅನ್ನುತ್ತದೆ. ಹಾಗಾದರೆ ಫ್ಲೋರೈಡ್ ಪೇಸ್ಟೂ ಕೆಟ್ಟದ್ದಾ ಅಂತ ನಾನು ಕೇಳಿದೆ. ನೀರು ಹೊಟ್ಟೆಗೆ ಹೋಗುತ್ತದೆ, ಪೇಸ್ಟು ಉಗಿಯೋದು, ಎರಡೂ ಒಂದೇ ಅಲ್ಲ ಅಂದರು. ಮಕ್ಕಳು ನುಂಗದ ಹಾಗೆ ನೋಡಿಕೊಂಡು, ಬಟಾಣಿ ಕಾಳಿನಷ್ಟು ಹಾಕಿದರೆ ಸಾಕು. ತೀರ ಚಿಕ್ಕ ಮಕ್ಕಳಿಗೆ ಅಕ್ಕಿಕಾಳಿನಷ್ಟು.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅಂತ ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ಮಾಡಿಸಿದ ದಿನ ನನಗೂ ಹಾಗೇ ಅನ್ನಿಸಿತು. ನಾಲಿಗೆ ಆಡಿಸಿದರೆ ಹಲ್ಲಿನ ಸಂದಿಗಳು ಖಾಲಿ ಖಾಲಿ. ಗಂಜಿ ಹಾಕಿದ ಹಳೇ ಸೀರೆ ಗಟ್ಟಿಯಾಗಿ ನಿಲ್ಲುತ್ತದೆ, ಒಗೆದರೆ ಮೆತ್ತಗಾಗುತ್ತದೆ. ನೀರು ಸೀರೆ ಹಾಳು ಮಾಡಿತು ಅನ್ನೋಕಾಗುತ್ತಾ? ಸಂದಿಯಲ್ಲಿ ಗಟ್ಟಿಯಾಗಿ ಕೂತಿದ್ದ ಕಿಟ್ಟ ಹೋಗಿತ್ತು ಅಷ್ಟೇ. ಬೇವಿನ ಕಡ್ಡಿಗೂ ಬ್ರಷ್ಷಿಗೂ ಬಗ್ಗದ ಕಿಟ್ಟ ಅದು. ಒಂದು ವಾರ ತಣ್ಣೀರಿಗೆ ಜುಮ್ ಅಂದಿತು, ಆಮೇಲೆ ಸರಿಹೋಯಿತು. ಉಜ್ಜುವಾಗ ಬರುತ್ತಿದ್ದ ರಕ್ತವೂ ನಿಂತಿತು.

ಈಗ ಬೆಳಿಗ್ಗೆ, ರಾತ್ರಿ ಎರಡೆರಡು ನಿಮಿಷ ಉಜ್ಜುತ್ತೇನೆ. ಮೆತ್ತನೆಯ ಬ್ರಷ್. ಟೀ ಎರಡು ಲೋಟಕ್ಕೆ ಇಳಿದಿದೆ, ಬಿಸ್ಕತ್ತು ಬಿಟ್ಟೆ ಅಂದರೆ ಮಗಳು ನಗುತ್ತಾಳೆ. ಒಸಡು ಊದಿದರೆ ಉಪ್ಪುನೀರು ಈಗಲೂ ಉಂಟು. ಲವಂಗದ ಡಬ್ಬಿಯೂ ಇದೆ, ಪಲಾವಿಗೆ. ದೀಪಾವಳಿ ಮುಗಿದು ಕೆಲಸ ಇಳಿದ ಮೇಲೆ ವರ್ಷಕ್ಕೊಂದು ಸಲ ಹೋಗಿ ತೋರಿಸಿಕೊಂಡು ಬರುತ್ತೇನೆ. ಆರು ತಿಂಗಳಿಗೊಮ್ಮೆ ಬನ್ನಿ ಅಂದಿದ್ದಾರೆ. ಒಂದು ವರ್ಷ ಪೂರ್ತಿ ತಪ್ಪಿಸಿದ್ದೂ ಉಂಟು.

ಕಳೆದ ಸಲ ಹೊಸ ಹುಡುಗನೊಬ್ಬ ನೋಡಿದ. ಬಾಯಿ ತೆರೆದ ತಕ್ಷಣ, "ಆಂಟಿ, ನೀವು ಟೈಲರ್ರಾ?" ಅಂದ. ನಾನು ಕೆಲಸ ಹೇಳಿರಲಿಲ್ಲ. ಮುಂದಿನ ಹಲ್ಲಿನ ಅಂಚನ್ನು ಕನ್ನಡಿಯಲ್ಲಿ ತೋರಿಸಿದ. ಇಪ್ಪತ್ತೆರಡು ವರ್ಷ ದಾರ ಕಚ್ಚಿ ತುಂಡು ಮಾಡಿದ ಜಾಗದಲ್ಲಿ ವಿ ಆಕಾರದ ಸಣ್ಣ ಕಚ್ಚು ಬಿದ್ದಿತ್ತು. ಅದಕ್ಕೆ ಮನೆಮದ್ದೂ ಇಲ್ಲ, ಕಚ್ಚೋದು ನಿಲ್ಲಿಸಿ ಅಂದ. ಪುಟ್ಟ ಕತ್ತರಿಗೆ ಲಾಡಿ ಕಟ್ಟಿ ಮಷಿನ್ನಿಗೆ ನೇತುಹಾಕಿದ್ದೇನೆ. ಆದರೂ ಕೆಲಸದ ಭರದಲ್ಲಿ ದಾರ ತಾನಾಗಿ ಬಾಯಿಗೆ ಹೋಗುತ್ತದೆ. ಅಡುಗೆಮನೆಯಿಂದ ಮಗಳು "ಅಮ್ಮಾ, ಕತ್ತರಿ" ಅಂತ ಕೂಗುತ್ತಾಳೆ. ಕಟ್ ಅನ್ನೋ ಸದ್ದು ಅವಳಿಗೆ ಅಲ್ಲಿಯವರೆಗೂ ಕೇಳಿಸುತ್ತದಂತೆ.