ಹೊಸ ಲಿಬ್ರೆಆಫೀಸ್ ತೆರೆಯುತ್ತಿಲ್ಲವೇ? ಮತ್ತೆ ಇನ್‌ಸ್ಟಾಲ್ ಮಾಡುವ ಮುಂಚೆ ಪ್ರೊಫೈಲ್ ನೋಡಿ
ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶದ ಹೊಸ ಆವೃತ್ತಿ ಹಾಕಿದ ಮೇಲೆ ಲೋಗೊ ಬಂದು ಮಾಯವಾಗುತ್ತದೆ ಎಂದು ನನ್ನನ್ನು ಕರೆಯುವವರು ಅಷ್ಟು ಹೊತ್ತಿಗೆ ಅನ್‌ಇನ್‌ಸ್ಟಾಲ್, ರೀಇನ್‌ಸ್ಟಾಲ್ ಎರಡನ್ನೂ ಮಾಡಿ ಮುಗಿಸಿರುತ್ತಾರೆ. ಅದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅನ್‌ಇನ್‌ಸ್ಟಾಲ್ ಮಾಡಿದರೆ ಹೋಗುವುದು ಪ್ರೋಗ್ರಾಮ್ ಮಾತ್ರ. ಸೆಟ್ಟಿಂಗ್, ಎಕ್ಸ್‌ಟೆನ್ಷನ್, ನೀವು ಸೇರಿಸಿದ ಪದಗಳೆಲ್ಲ ಇರುವ ಯೂಸರ್ ಪ್ರೊಫೈಲ್ ಹಾಗೇ ಉಳಿಯುತ್ತದೆ. ಹೊಸ ಪ್ರೋಗ್ರಾಮ್ ಓದುವುದು ಅದನ್ನೇ. ವಿಂಡೋಸ್‌ನಲ್ಲಿ ಆ್ಯಪ್‌ಡೇಟಾ, ಅದರೊಳಗೆ ರೋಮಿಂಗ್, ಲಿಬ್ರೆಆಫೀಸ್, 4, ಯೂಸರ್: ಈ ದಾರಿಯಲ್ಲಿ ಹೋದರೆ ಸಿಗುತ್ತದೆ. ಆವೃತ್ತಿ 7 ದಾಟಿ 2024ರಲ್ಲಿ 24.2 ಎಂದು ವರ್ಷದ ಲೆಕ್ಕಕ್ಕೆ ಬಂದರೂ ಫೋಲ್ಡರ್ ಮಾತ್ರ ಇನ್ನೂ 4. ಹಳೇ ಕಸ ಎಂದುಕೊಂಡು ಅಳಿಸಬೇಡಿ.

ಮೊದಲು ಟಾಸ್ಕ್ ಮ್ಯಾನೇಜರ್ ನೋಡುತ್ತೇನೆ. ಎಸ್‌ಆಫೀಸ್ ಡಾಟ್ ಬಿನ್ (soffice.bin, ಲಿಬ್ರೆಆಫೀಸಿನ ಮುಖ್ಯ ಪ್ರಕ್ರಿಯೆ) ಹಿನ್ನೆಲೆಯಲ್ಲಿ ಸಿಕ್ಕಿಕೊಂಡಿದ್ದರೆ ಐಕಾನ್ ಎಷ್ಟು ಒತ್ತಿದರೂ ಕಿಟಕಿ ಬರುವುದಿಲ್ಲ. ಎಂಡ್ ಟಾಸ್ಕ್ ಕೊಟ್ಟರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಮುಗಿಯದಿದ್ದರೆ ಸೇಫ್ ಮೋಡ್. 5.3ರಿಂದ ಈ ಸೌಲಭ್ಯವಿದೆ. ಸ್ಟಾರ್ಟ್ ಮೆನುವಿನಲ್ಲೇ ಲಿಬ್ರೆಆಫೀಸ್ ಸೇಫ್ ಮೋಡ್ ಎಂದು ಬೇರೆ ಐಕಾನ್ ಇರುತ್ತದೆ. ಇದು ತಾತ್ಕಾಲಿಕ ಪ್ರೊಫೈಲ್ ಬಳಸುತ್ತದೆ, ಜೊತೆಗೆ ಚಿತ್ರಣಕ್ಕೆ ಗ್ರಾಫಿಕ್ಸ್ ಕಾರ್ಡಿನ ನೆರವು ಪಡೆಯುವ ಹಾರ್ಡ್‌ವೇರ್ ಆ್ಯಕ್ಸಲರೇಷನ್ ನಿಲ್ಲಿಸುತ್ತದೆ. ಹಾಗಾಗಿ ಇಲ್ಲಿ ತೆರೆದುಕೊಂಡರೆ ದೋಷ ಪ್ರೊಫೈಲಿನದಿರಬಹುದು, ಗ್ರಾಫಿಕ್ಸಿನದೂ ಇರಬಹುದು. ಇಲ್ಲೂ ತೆರೆಯದಿದ್ದರೆ ಪ್ರೊಫೈಲ್ ಕೆದಕಿ ಪ್ರಯೋಜನವಿಲ್ಲ, ಇನ್‌ಸ್ಟಾಲೇಷನ್ನನ್ನೇ ಪರೀಕ್ಷಿಸಬೇಕು. ವಿಂಡೋಸ್ 7 ಅಥವಾ 8.1 ಇದ್ದರೆ ಹುಡುಕಾಟವೇ ಬೇಡ, ಲಿಬ್ರೆಆಫೀಸ್ 25.8 ಅವುಗಳಲ್ಲಿ ಓಡುವುದಿಲ್ಲ.

ಸೇಫ್ ಮೋಡಿನಲ್ಲಿ ತೆರೆದುಕೊಂಡರೆ ಗ್ರಾಫಿಕ್ಸನ್ನು ಮೊದಲು ಪರೀಕ್ಷಿಸುವುದು ನನ್ನ ರೂಢಿ. 7.0ರಿಂದ ವಿಂಡೋಸ್‌ನಲ್ಲಿ ಪರದೆಯ ಮೇಲಿನ ಚಿತ್ರಣದ ಕೆಲಸ ಸ್ಕಿಯಾ ಎಂಬ ಗ್ರಾಫಿಕ್ಸ್ ಲೈಬ್ರರಿಯ ಪಾಲಾಗಿದೆ. ಹಳೆಯ ಡ್ರೈವರ್ ಇರುವ ಯಂತ್ರಗಳಲ್ಲಿ ಕಪ್ಪು ಕಿಟಕಿ, ಇಲ್ಲವೇ ತೆರೆದ ಕೂಡಲೇ ಕ್ರ್ಯಾಶ್. ಪ್ರೊಫೈಲ್ ಹೊಸದು ಮಾಡಿದರೂ ಇದು ಬಿಡುವುದಿಲ್ಲ, ಹೊಸ ಪ್ರೊಫೈಲಿನಲ್ಲೂ ಸ್ಕಿಯಾ ಆನ್ ಆಗಿಯೇ ಇರುತ್ತದಲ್ಲ. ಸೇಫ್ ಮೋಡ್ ಐಕಾನ್ ಒತ್ತಿದಾಗ ಬರುವ ಆಯ್ಕೆಗಳ ಪೆಟ್ಟಿಗೆಯಲ್ಲಿ ಹಾರ್ಡ್‌ವೇರ್ ಆ್ಯಕ್ಸಲರೇಷನ್ ಡಿಸೇಬಲ್ ಮಾಡಿ ರೀಸ್ಟಾರ್ಟ್ ಕೊಡಿ. ತೆರೆದರೆ ಡ್ರೈವರ್ ಅಪ್‌ಡೇಟ್ ಮಾಡಿ.

ಅದಕ್ಕೂ ಜಗ್ಗದಿದ್ದರೆ ಅದೇ ಪೆಟ್ಟಿಗೆಯಲ್ಲಿ ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸಿ ನೋಡಿ. ಕೊನೆಗೆ ಪ್ರೊಫೈಲ್. ಅಲ್ಲಿ ಫ್ಯಾಕ್ಟರಿ ರೀಸೆಟ್ ಆಯ್ಕೆಯಿದೆ, ಆದರೆ ನಾನು ಅದನ್ನು ಒತ್ತುವುದಿಲ್ಲ. ಪ್ರೋಗ್ರಾಮ್ ಮುಚ್ಚಿ ಯೂಸರ್ ಫೋಲ್ಡರಿಗೆ ಯೂಸರ್-ಹಳೆಯದು ಎಂದು ಹೆಸರಿಟ್ಟರೆ ಸಾಕು, ಮುಂದಿನ ಸಲ ತೆರೆದಾಗ ಹೊಸದು ತಾನೇ ಹುಟ್ಟುತ್ತದೆ. ಪ್ರೋಗ್ರಾಮನ್ನು ಮತ್ತೆ ಮುಚ್ಚಿ ಹಳೆಯದರಿಂದ ವರ್ಡ್‌ಬುಕ್, ಆಟೋಕರ್, ಟೆಂಪ್ಲೇಟ್ ಫೋಲ್ಡರ್‌ಗಳನ್ನು ಒಂದೊಂದಾಗಿ ನಕಲು ಮಾಡಿ. ಕನ್ನಡದಲ್ಲಿ ಟೈಪ್ ಮಾಡುವವರು ಕೂಡಿಹಾಕಿದ ಪದಗಳೂ ಆಟೋಕರೆಕ್ಟ್ ಪಟ್ಟಿಯೂ ಮೊದಲೆರಡರಲ್ಲಿವೆ. ರಿಜಿಸ್ಟ್ರಿಮಾಡಿಫಿಕೇಷನ್ಸ್ ಫೈಲ್ ಮತ್ತು ಯುನೊ ಪ್ಯಾಕೇಜಸ್ ಫೋಲ್ಡರ್ ಮಾತ್ರ ತರಬೇಡಿ: ಎಲ್ಲ ಸೆಟ್ಟಿಂಗ್ ಇರುವುದು ಮೊದಲನೆಯದರಲ್ಲಿ, ಎಕ್ಸ್‌ಟೆನ್ಷನ್‌ಗಳು ಎರಡನೆಯದರಲ್ಲಿ. ರೋಗ ಇರುವುದೂ ಹೆಚ್ಚಾಗಿ ಅಲ್ಲೇ.

ಲಿನಕ್ಸ್‌ನಲ್ಲಿ ಇನ್ನೊಂದು ಕಾಟ. ಇನ್‌ಸ್ಟಾಲ್ ಮಾಡಿದ ಬಿಸಿಯಲ್ಲಿ ಸುಡೊ (ನಿರ್ವಾಹಕರ ಅಧಿಕಾರ ಕೊಡುವ ಆದೇಶ) ಹಾಕಿಯೇ ಲಿಬ್ರೆಆಫೀಸ್ ತೆರೆದರೆ ಪ್ರೊಫೈಲಿನ ಫೈಲುಗಳು ರೂಟ್ ಎಂಬ ನಿರ್ವಾಹಕ ಖಾತೆಯ ಹೆಸರಿಗೆ ಹೋಗಬಹುದು. ಆಮೇಲೆ ನಿಮ್ಮ ಹೆಸರಿನಲ್ಲಿ ತೆರೆದಾಗ ಯೂಸರ್ ಇನ್‌ಸ್ಟಾಲೇಷನ್ ಪೂರ್ಣಗೊಳ್ಳಲಿಲ್ಲ ಎಂಬ ಸಂದೇಶ. ಹೋಮ್‌ನಲ್ಲಿ ಅಡಗಿರುವ ಡಾಟ್ ಕಾನ್ಫಿಗ್ ಒಳಗಿನ ಲಿಬ್ರೆಆಫೀಸ್ ಫೋಲ್ಡರನ್ನು, ಒಳಗಿನದೆಲ್ಲ ಸೇರಿಸಿ, ನಿಮ್ಮ ಯೂಸರ್ ಹೆಸರಿಗೆ ವರ್ಗಾಯಿಸಿ.