ಯುರೋಪಿಗೆ ಬೋಲ್ಟ್ ಕಳಿಸುವವರು ಇಂಗಾಲದ ಲೆಕ್ಕ ಇಡುವುದು ಹೇಗೆ?

ಪೀಣ್ಯದ ಬೋಲ್ಟ್-ನಟ್ ಘಟಕವೊಂದರಲ್ಲಿ ರಫ್ತಿನ ಕಾಗದಪತ್ರವೆಲ್ಲ ನನ್ನ ಮೇಜಿನ ಮೇಲೇ ಆಗೋದು. ಜರ್ಮನಿಯ ಗಿರಾಕಿ ‘ಸಿಬಿಎಎಂ ಡೇಟಾ ಕಳಿಸಿ’ ಅಂತ ಮೇಲ್ ಹಾಕಿದರೆ ಗಾಬರಿ ಬೇಡ. ಸಿಬಿಎಎಂ ಅಂದರೆ ಹೊರಗಿನಿಂದ ಬರುವ ಉಕ್ಕಿನಂಥ ಮಾಲು ತಯಾರಾಗುವಾಗ ಹೊರಬಿದ್ದ ಇಂಗಾಲದ ಮೇಲೆ ಯುರೋಪಿಯನ್ ಒಕ್ಕೂಟ ಹಾಕುವ ಗಡಿ ಶುಲ್ಕ.

ಮೊದಲು ಇನ್‌ವಾಯ್ಸ್‌ನಲ್ಲಿ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಸರಕು ಗುರುತಿಸುವ ಸಂಖ್ಯೆ) ನೋಡಿ. 7318 ಇದ್ದರೆ ನಿಮ್ಮ ಮಾಲು ಇದರೊಳಗೆ ಬಂತು. ಶುಲ್ಕ ಕಟ್ಟೋನು ಅಲ್ಲಿನ ಆಮದುದಾರ, ನಾವಲ್ಲ. ಆದರೆ ಅವನು ಅದನ್ನು ನಮ್ಮ ರೇಟಿನಲ್ಲೇ ಮುರಿದುಕೊಳ್ಳೋಕೆ ನೋಡ್ತಾನೆ. ಈ ಪಟ್ಟಿಯ ಸರಕನ್ನು ಅವನು ವರ್ಷಕ್ಕೆ 50 ಟನ್ ಮೀರಿ ತರಿಸದಿದ್ದರೆ ವಿನಾಯಿತಿ ಉಂಟು, ಮೊದಲೇ ಕೇಳಿಬಿಡಿ.

ನಿಜವಾದ ತಲೆನೋವು ವೈರ್ ರಾಡ್, ಅಂದರೆ ಬೋಲ್ಟ್ ಮಾಡೋಕೆ ನಾವು ಕೊಳ್ಳುವ ಉಕ್ಕಿನ ಸರಳು. ಬೋಲ್ಟಿನ ಇಂಗಾಲದ ಬಹುಪಾಲು ಹುಟ್ಟೋದು ಉಕ್ಕಿನ ಮಿಲ್ಲಿನಲ್ಲಿ, ನಮ್ಮ ಶೆಡ್ಡಿನಲ್ಲಲ್ಲ. ಹಾಗಾಗಿ ಪರ್ಚೇಸ್ ಆರ್ಡರ್‌ನಲ್ಲೇ ಬರೆಯಿರಿ: ಯಾವ ಮಿಲ್ಲು, ಬ್ಲಾಸ್ಟ್ ಫರ್ನೇಸಿನಲ್ಲಿ ಅದಿರಿನಿಂದ ಮಾಡಿದ್ದೋ ಸ್ಕ್ರ್ಯಾಪ್ ಕರಗಿಸಿದ್ದೋ, ಟನ್ನಿಗೆ ಎಷ್ಟು ಇಂಗಾಲ. ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟಿನಲ್ಲಿರುವ ಹೀಟ್ ನಂಬರನ್ನು (ಒಂದು ಸಲ ಕರಗಿಸಿದ ಉಕ್ಕಿನ ಗುರುತು) ನಿಮ್ಮ ಬ್ಯಾಚ್ ನಂಬರಿನ ಪಕ್ಕದಲ್ಲೇ ನಮೂದಿಸಿ. ‘ಆಮೇಲೆ ಕೊಡ್ತೀನಿ ಸಾರ್’ ಅನ್ನೋ ಡೀಲರನ್ನು ನಂಬಬೇಡಿ. ಅಂಕಿ ಸಿಗದಿದ್ದರೆ ಯುರೋಪಿನವರೇ ಗೊತ್ತುಮಾಡಿದ ಡೀಫಾಲ್ಟ್ ಅಂಕಿ ಬೀಳುತ್ತೆ, ಅದರ ಮೇಲೆ ಮಾರ್ಕ್‌ಅಪ್ ಬೇರೆ.

ಬೋಲ್ಟ್ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್ ಫರ್ನೇಸಿಗೆ ಡೀಸೆಲ್ ಸುಟ್ಟರೆ ಲೀಟರಿಗೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹಿಡಿಯಿರಿ. ಬಿಲ್ಲು ಫೈಲ್ ಮಾಡಿಡಿ. ಉಕ್ಕಿನ ಸರಕಿಗೆ ಕರೆಂಟಿನ ಲೆಕ್ಕ ಸದ್ಯ ಶುಲ್ಕಕ್ಕೆ ಸೇರಿಲ್ಲ.

2026ರ ಜನವರಿ 1ರಿಂದ ಯುರೋಪಿಗೆ ಬಂದ ಮಾಲಿಗೆ ಶುಲ್ಕದ ಹೊಣೆ ಶುರು, ಆಮದುದಾರ ಶುಲ್ಕ ಕಟ್ಟೋಕೆ ಕೊಳ್ಳಬೇಕಾದ ಸಿಬಿಎಎಂ ಸರ್ಟಿಫಿಕೇಟ್‌ಗಳ ಮಾರಾಟ 2027ರ ಫೆಬ್ರವರಿಯಿಂದ. ಯುರೋಪಿನ ಕಾರ್ಖಾನೆಗಳಿಗೆ ಇಂಗಾಲ ಬಿಡೋಕೆ ಸಿಗುವ ಉಚಿತ ಕೋಟಾದಷ್ಟು ಆಮದಿನ ಶುಲ್ಕದಲ್ಲೂ ಕಡಿತ ಇರುತ್ತೆ; ಆ ಕೋಟಾ ವರ್ಷವರ್ಷ ಕರಗಿ 2034ರ ಹೊತ್ತಿಗೆ ಮುಗಿಯುವ ತನಕ ಈ ಹೊರೆ ವರ್ಷವರ್ಷ ಏರುತ್ತದೆ. ದೀರ್ಘಾವಧಿ ರೇಟ್ ಕಾಂಟ್ರಾಕ್ಟಿಗೆ ಸಹಿ ಹಾಕುವ ಮುಂಚೆ ಅದು ಯಾರ ಪಾಲಿಗೆ ಅಂತ ಬರೆಸಿಕೊಳ್ಳಿ.