ಕಾಲೇಜಿನ ಕ್ಲಬ್ ಸೇರುವುದು ಹೇಗೆ? ಎರಡನೇ ಮೀಟಿಂಗ್ ತಪ್ಪಿಸಬೇಡಿ

ಹತ್ತು ವರ್ಷದಿಂದ ಕಾಲೇಜಿನ ನಾಟಕ ಸಂಘವನ್ನು ನೋಡಿಕೊಳ್ಳುತ್ತಿದ್ದೇನೆ. ಪ್ರತಿ ವರ್ಷವೂ ಒಂದೇ ಕಥೆ. ಮೊದಲ ವಾರ ಹೆಸರು ಬರೆಸುವವರ ಸಾಲು ಬಾಗಿಲು ದಾಟಿರುತ್ತದೆ. ಮೊದಲ ಮೀಟಿಂಗಿನಲ್ಲಿ ಕೂರಲು ಜಾಗ ಸಾಲುವುದಿಲ್ಲ. ಎರಡನೆಯದಕ್ಕೆ ಅರ್ಧ ಕುರ್ಚಿ ಖಾಲಿ. ಆರನೇ ವಾರದ ಹೊತ್ತಿಗೆ ಉಳಿದ ಹೊಸಬರನ್ನೆಲ್ಲ ಎರಡು ಬೆಂಚಿನಲ್ಲಿ ಕೂರಿಸಬಹುದು.

ಬಿಟ್ಟು ಹೋದವರು ಸೋಮಾರಿಗಳು ಅಂತ ನಾನು ಒಪ್ಪುವುದಿಲ್ಲ. ಎಷ್ಟೋ ಮಕ್ಕಳು ಕೊನೆಯ ವರ್ಷದಲ್ಲಿ ಬಂದು, ‘ಮೇಡಂ, ಆಗ ಯಾರೂ ನನ್ನನ್ನ ಮಾತಾಡಿಸಲೇ ಇಲ್ಲ, ಅದಕ್ಕೇ ಬರೋದು ಬಿಟ್ಟೆ’ ಅಂದಿದ್ದಾರೆ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಹೆಸರು ಬರೆಸುವುದು ಎಲ್ಲರಿಗೂ ಗೊತ್ತು. ಬರೆಸಿದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಈ ಲೇಖನ.

ಹಂತ 1: ಮೊದಲು ಟೈಮ್‌ಟೇಬಲ್ ನೋಡಿ

ಕ್ಲಾಸು, ಲ್ಯಾಬು, ಓಡಾಟ, ಓದು ಎಲ್ಲ ಕಳೆದು ವಾರಕ್ಕೆ ಎಷ್ಟು ಗಂಟೆ ಉಳಿಯುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನಾಲ್ಕು ಗಂಟೆ ಉಳಿದರೆ ಒಂದು ಕ್ಲಬ್. ಏಳೆಂಟು ಉಳಿದರೆ ಎರಡು. ಮೂರನೆಯದು ಬೇಡವೇ ಬೇಡ. ಎರಡು ಸೇರುವುದಾದರೆ ಒಂದು ನಿಮಗೆ ಈಗಾಗಲೇ ಗೊತ್ತಿರುವ ವಿಷಯದ್ದಿರಲಿ, ಇನ್ನೊಂದು ಪೂರ್ತಿ ಹೊಸದಿರಲಿ.

ಹಂತ 2: ಸ್ಟಾಲ್ ಮುಂದೆ ಮೂರು ಪ್ರಶ್ನೆ

ಕ್ಲಬ್‌ಗಳೆಲ್ಲ ಸಾಲಾಗಿ ಮೇಜು ಹಾಕಿಕೊಂಡು ಕರೆಯುವ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಪೋಸ್ಟರ್ ನೋಡಿ ತೀರ್ಮಾನ ಮಾಡಬೇಡಿ. ಅಲ್ಲಿ ನಿಂತಿರುವ ಸೀನಿಯರ್‌ಗೆ ಮೂರೇ ಪ್ರಶ್ನೆ ಕೇಳಿ. ಹೋದ ವರ್ಷ ಏನೇನು ಮಾಡಿದಿರಿ? ವಾರದಲ್ಲಿ ಯಾವತ್ತು, ಎಲ್ಲಿ ಸೇರುತ್ತೀರಿ? ಮೊದಲ ವರ್ಷದವರಿಗೆ ಯಾವ ಕೆಲಸ ಕೊಡುತ್ತೀರಿ? ಮೂರನೆಯದಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. ‘ಪೋಸ್ಟ್ ಶೇರ್ ಮಾಡಿದ್ರೆ ಸಾಕು’ ಅಂದರೆ ಮುಂದಿನ ಮೇಜಿಗೆ ಹೋಗಿ.

ದುಡ್ಡಿನ ಮಾತು ಬಂದರೆ ಏನಕ್ಕೆ ಅಂತ ಕೇಳಿ, ರಸೀದಿ ತೆಗೆದುಕೊಳ್ಳಿ. ಒಳ್ಳೆಯ ಖಜಾಂಚಿಗೆ ಇದರಿಂದ ಬೇಜಾರಾಗುವುದಿಲ್ಲ. ಕ್ಲಬ್ಬಿನ ಟೀ ಶರ್ಟನ್ನು ಮೊದಲ ತಿಂಗಳು ಕೊಳ್ಳಬೇಡಿ. ಅದರ ಅಚ್ಚು ನಾಲ್ಕು ಒಗೆತಕ್ಕೆ ಉದುರುತ್ತದೆ, ನೀವು ಅಷ್ಟು ದಿನ ಇರುತ್ತೀರೋ ಇಲ್ಲವೋ ಅದೂ ಇನ್ನೂ ಗೊತ್ತಿಲ್ಲ. ಆನ್‌ಲೈನಿನಲ್ಲಿ ದುಡ್ಡು ಕಟ್ಟಿದರೆ ಎರಡು ಗಂಟೆಯಲ್ಲಿ ‘ನಾಯಕತ್ವ ಸರ್ಟಿಫಿಕೇಟ್’ ಕೊಡುವವರ ಕಡೆಗಂತೂ ತಿರುಗಿಯೂ ನೋಡಬೇಡಿ. ಒಂದು ಕಾರ್ಯಕ್ರಮಕ್ಕೆ ನೂರು ಜನರನ್ನು ಸಮಯಕ್ಕೆ ಸರಿಯಾಗಿ ಕೂರಿಸಿದ ಅನುಭವ ಅದರಲ್ಲಿ ಸಿಗುವುದಿಲ್ಲ.

ಹಂತ 3: ಫಾರ್ಮ್

‘ಯಾಕೆ ಸೇರಬೇಕು ಅಂದುಕೊಂಡಿದ್ದೀರಿ?’ ಅನ್ನುವ ಪ್ರಶ್ನೆಗೆ ಎರಡು ಸಾಲು ಸಾಕು, ಆದರೆ ಅವು ನಿಮ್ಮವೇ ಆಗಿರಬೇಕು. ಚಾಟ್‌ಬಾಟ್‌ನಿಂದ ಬರೆಸಿದ ಉತ್ತರಗಳು ಈಗ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಬರುತ್ತಿವೆ. ಓದಿದ ತಕ್ಷಣ ತಿಳಿಯುತ್ತದೆ. ‘ನನಗೆ ವೇದಿಕೆ ಅಂದ್ರೆ ಭಯ, ಆದ್ರೆ ಬಡಗಿ ಕೆಲಸ ಬರುತ್ತೆ’ ಅಂತ ಒಬ್ಬ ಹುಡುಗ ಬರೆದಿದ್ದ. ನಾನು ಮೊದಲು ಕರೆದದ್ದು ಅವನನ್ನೇ.

ಹಂತ 4: ಎರಡನೇ ಮೀಟಿಂಗ್

ಹೆಚ್ಚಿನವರು ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಮೊದಲ ಮೀಟಿಂಗಿನಲ್ಲಿ ಭಾಷಣ ಜಾಸ್ತಿ, ಕೆಲಸ ಕಮ್ಮಿ. ಅಲ್ಲಿ ನೀವು ಮಾಡಬೇಕಾದ್ದು ಒಂದೇ. ಬಾಗಿಲ ಕೀಲಿ ಯಾರ ಹತ್ತಿರ ಇದೆ, ಕುರ್ಚಿ ಯಾರು ಎಳೆದು ಹಾಕುತ್ತಿದ್ದಾರೆ, ಹಾಜರಿ ಪುಸ್ತಕ ಯಾರು ಹಿಡಿದಿದ್ದಾರೆ ಅಂತ ನೋಡಿಕೊಳ್ಳಿ. ಮೈಕ್ ಹಿಡಿದ ಅಧ್ಯಕ್ಷರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಆದರೆ ಕ್ಲಬ್ ನಡೆಯುವುದು ಕೀಲಿ ಇಟ್ಟುಕೊಂಡವರಿಂದ.

ಎರಡನೇ ಮೀಟಿಂಗಿಗೆ ಹತ್ತು ನಿಮಿಷ ಮೊದಲೇ ಹೋಗಿ. ಆ ಕೀಲಿಯವರು ಅಷ್ಟು ಹೊತ್ತಿಗೆ ಬಂದಿರುತ್ತಾರೆ, ಒಬ್ಬರೇ ಇರುತ್ತಾರೆ, ಮಾತಾಡಲು ಪುರುಸೊತ್ತೂ ಇರುತ್ತದೆ. ಹೆಸರು ಹೇಳಿ, ಯಾವ ವಿಭಾಗ ಅಂತ ಹೇಳಿ. ಆಮೇಲೆ ‘ಏನಾದ್ರೂ ಕೆಲಸ ಇದ್ರೆ ಹೇಳಿ ಅಕ್ಕಾ’ ಅನ್ನಬೇಡಿ. ಎಲ್ಲರೂ ಹಾಗೆಯೇ ಕೇಳುತ್ತಾರೆ. ಪಾಪ, ಅವರು ಸೌಜನ್ಯಕ್ಕೆ ‘ಹೇಳ್ತೀವಿ’ ಅನ್ನುತ್ತಾರೆ, ಮರೆಯುತ್ತಾರೆ. ನೀವು ಕಾದು ಕಾದು ಬರುವುದು ಬಿಡುತ್ತೀರಿ. ಅದರ ಬದಲು ಕಣ್ಣಿಗೆ ಕಂಡ ಕೆಲಸ ಹಿಡಿಯಿರಿ. ‘ಕುರ್ಚಿ ನಾನು ಜೋಡಿಸ್ತೀನಿ’ ಅನ್ನಿ. ‘ಹೋದ ಸಲದ ಸಾಮಾನಿನ ಪಟ್ಟಿ ಇದ್ಯಾ, ಏನಿದೆ ಏನಿಲ್ಲ ನಾನು ನೋಡಿ ಬರೀತೀನಿ’ ಅನ್ನಿ.

ಯಾವ ಕೆಲಸ ಹಿಡಿಯಬೇಕು? ಒಂದು ವಾರದಲ್ಲಿ ಮುಗಿಯುವಂಥದ್ದು, ಪಕ್ಕದಲ್ಲೇ ಕೂತು ಎಲ್ಲ ನೋಡಲು ಸಿಗುವಂಥದ್ದು. ನಾಟಕದಲ್ಲಾದರೆ ಸ್ಕ್ರಿಪ್ಟ್ ಹಿಡಿದು ಮಾತು ನೆನಪಿಸುವ ಪ್ರಾಂಪ್ಟರ್ ಕೆಲಸ. ಕ್ವಿಜ್ ಕ್ಲಬ್‌ನಲ್ಲಿ ಅಂಕ ಬರೆಯುವುದು. ಫೋಟೊಗ್ರಫಿಯಲ್ಲಿ ಹಳೆಯ ಫೋಟೊಗಳನ್ನು ಇಸವಿ ಪ್ರಕಾರ ಫೋಲ್ಡರಿಗೆ ಹಾಕುವುದು. ಚರ್ಚಾ ಸಂಘದಲ್ಲಿ ನನ್ನ ಓಟು ಯಾವತ್ತೂ ಟೈಮ್‌ಕೀಪರ್ ಕೆಲಸಕ್ಕೆ. ಬ್ರಿಟಿಷ್ ಪಾರ್ಲಿಮೆಂಟರಿ ಮಾದರಿಯ ಚರ್ಚೆಯಲ್ಲಿ ನಾಲ್ಕು ತಂಡ, ತಂಡಕ್ಕೆ ಇಬ್ಬರು, ಒಟ್ಟು 8 ಭಾಷಣ. ಸಾಮಾನ್ಯವಾಗಿ ಒಬ್ಬೊಬ್ಬರಿಗೆ 7 ನಿಮಿಷ. ಮೊದಲ ಮತ್ತು ಕೊನೆಯ ನಿಮಿಷದಲ್ಲಿ ಎದುರಾಳಿ ನಡುವೆ ಪ್ರಶ್ನೆ ಎತ್ತುವಂತಿಲ್ಲ. ಟೈಮ್‌ಕೀಪರ್ ಆ ಹೊತ್ತಿಗೆ ಸರಿಯಾಗಿ ಸದ್ದು ಮಾಡಿ ತಿಳಿಸಬೇಕು. ಅಂದರೆ ಎಂಟೂ ಭಾಷಣ ಕಿವಿಗೊಟ್ಟು ಕೇಳಲೇಬೇಕು. ಆರು ಸಲ ಹೀಗೆ ಕೂತವರಿಗೆ ಮಾತು ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ತಾನಾಗಿ ಬರುತ್ತದೆ.

ಸಣ್ಣ ಕೆಲಸ ಅಂತ ಮುಖ ಸಣ್ಣಗೆ ಮಾಡುವವರಿಗೆ ನಾನು ಒಂದು ನಿಜವಾದ ಕಥೆ ಹೇಳುತ್ತೇನೆ. ಅಮೆರಿಕದ ಎಂಐಟಿ ಅನ್ನುವ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ 1946ರಲ್ಲಿ ಮಾದರಿ ರೈಲಿನ ವಿದ್ಯಾರ್ಥಿ ಕ್ಲಬ್ ಒಂದು ಶುರುವಾಯಿತು. ಕೆಲವರಿಗೆ ಪುಟ್ಟ ರೈಲು, ಮನೆ, ಗುಡ್ಡಗಳಿಗೆ ಬಣ್ಣ ಹಚ್ಚುವುದು ಇಷ್ಟ. ಇನ್ನು ಕೆಲವರಿಗೆ ಮೇಜಿನ ಕೆಳಗೆ ನುಸುಳಿ ವೈರು, ಸ್ವಿಚ್ಚು ಜೋಡಿಸುವುದು ಇಷ್ಟ. ಹೊರಗಿನಿಂದ ಬಂದವರಿಗೆ ಕಾಣುವುದು ಮೇಜಿನ ಮೇಲಿನದ್ದು. ಆದರೆ ಆ ವೈರಿನ ಗುಂಪಿನಿಂದಲೇ ಕಂಪ್ಯೂಟರ್ ಹುಚ್ಚು ಹತ್ತಿದವರು ಹೊರಬಂದರು. ಆ ಕ್ಲಬ್ಬಿನವರಾದ ಸ್ಟೀವ್ ರಸೆಲ್ ಮತ್ತು ಗೆಳೆಯರು 1962ರಲ್ಲಿ ಪಿಡಿಪಿ-1 ಕಂಪ್ಯೂಟರಿಗೆ ‘ಸ್ಪೇಸ್‌ವಾರ್’ ಬರೆದರು. ಮೊದಮೊದಲ ಕಂಪ್ಯೂಟರ್ ಆಟಗಳಲ್ಲಿ ಅದೂ ಒಂದು.

ಕೆಲಸ ಹಿಡಿದ ಮೇಲೆ ಯಾವತ್ತಿಗೆ ಮುಗಿಸುತ್ತೀರಿ ಅಂತ ನೀವೇ ದಿನ ಹೇಳಿ. ಆಗುವುದಿಲ್ಲ ಅನ್ನಿಸಿದರೆ ಎರಡು ದಿನ ಮೊದಲೇ ತಿಳಿಸಿ. ಕೊನೆಯ ರಾತ್ರಿ ಫೋನ್ ಸ್ವಿಚ್ ಆಫ್ ಮಾಡುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಅವರು ಕೆಟ್ಟವರಲ್ಲ, ಹೆದರಿರುತ್ತಾರೆ. ಆದರೆ ಮುಂದೆ ಅವರಿಗೆ ಕೆಲಸ ಕೊಡಲು ಎಲ್ಲರೂ ಹಿಂದೆ ಮುಂದೆ ನೋಡುತ್ತಾರೆ. ಮುಗಿದ ಸುದ್ದಿಯನ್ನು ಕೆಲಸ ಕೊಟ್ಟವರಿಗೇ ನೇರವಾಗಿ ಕಳಿಸಿ. ‘ಪಟ್ಟಿ ಮುಗೀತು. ಲಾಟೀನು, ಕೋಲು ಸಿಕ್ಕಿಲ್ಲ, ಬೇರೆ ಹುಡುಕಬೇಕು’ ಇಷ್ಟು ಸಾಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಇನ್ನೂರು ಮೆಸೇಜಿನ ಕೆಳಗೆ ಹೂತು ಹೋಗುತ್ತದೆ. ಆ ಗುಂಪಿನಲ್ಲಿ ದಿನವೂ ಹೆಬ್ಬೆರಳು ಎತ್ತುವುದು ಕ್ಲಬ್ಬಿಗೆ ಬಂದ ಹಾಗೆ ಅಲ್ಲ, ಇದನ್ನು ದಯವಿಟ್ಟು ನಂಬಿ.

ಇನ್ನೊಂದು ಮಾತು. ಒಬ್ಬರೇ ಹೋಗಿ. ಗೆಳತಿಯ ಜೊತೆಗೇ ಹೋಗುವುದಾದರೂ ಒಳಗೆ ಬೇರೆ ಬೇರೆ ಕೂತುಕೊಳ್ಳಿ. ಹಿಂದಿನ ಬೆಂಚಿನಲ್ಲಿ ಜೋಡಿಯಾಗಿ ಕೂತವರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಒಬ್ಬರು ಬರುವುದು ಬಿಟ್ಟ ವಾರವೇ ಇನ್ನೊಬ್ಬರೂ ಬಿಡುತ್ತಾರೆ. ಸೀನಿಯರ್‌ಗಳು ಹೋದ ವರ್ಷದ ಯಾವುದೋ ಘಟನೆ ನೆನೆದು ನಗುತ್ತಿದ್ದರೆ ಹೊರಗಿನವರು ಅಂತ ಮುದುಡಿಕೊಳ್ಳಬೇಡಿ. ‘ಅದೇನು ಕಥೆ?’ ಅಂತ ಕೇಳಿ. ಖುಷಿಯಿಂದ ಹೇಳುತ್ತಾರೆ, ಮುಂದಿನ ಸಲ ನೀವೂ ನಗುತ್ತೀರಿ.

ನಾಲ್ಕು ಮೀಟಿಂಗ್ ಆಗುವವರೆಗೆ ‘ಇದು ನನಗಲ್ಲ’ ಅನ್ನಬೇಡಿ. ಆದರೆ ಹೊಸಬರನ್ನು ಅವಮಾನ ಮಾಡುವುದೇ ಪದ್ಧತಿ ಅನ್ನುವ ಕ್ಲಬ್ ಆದರೆ ಈ ಲೆಕ್ಕ ಬೇಡ. ಆ ಕ್ಷಣವೇ ಎದ್ದು ಬನ್ನಿ, ನಂಬಿಕೆ ಇರುವ ಅಧ್ಯಾಪಕರಿಗೆ ಹೇಳಿ.

ಹಂತ 5: ಆಡಿಷನ್‌ನಲ್ಲಿ ಆಯ್ಕೆ ಆಗದಿದ್ದರೆ

ಎರಡು ದಿನ ಬಿಟ್ಟು ಆಯ್ಕೆ ಮಾಡಿದವರನ್ನು ಭೇಟಿಯಾಗಿ, ‘ಯಾವುದನ್ನು ಸರಿ ಮಾಡ್ಕೋಬೇಕು?’ ಅಂತ ಕೇಳಿ. ಅದೇ ಉಸಿರಿನಲ್ಲಿ ತೆರೆಯ ಹಿಂದೆ ಕೆಲಸ ಇದೆಯಾ ಅಂತಲೂ ಕೇಳಿ. ಬೆಳಕು, ಉಡುಗೆ, ಟಿಕೆಟ್, ಸೆಟ್ಟು, ಎಲ್ಲ ಕಡೆಯೂ ಕೈ ಕಮ್ಮಿ ಇರುತ್ತದೆ.

ಹಂತ 6: ಬಿಡುವುದಾದರೆ

ಹೇಳದೆ ಮಾಯವಾಗಬೇಡಿ. ಮನೆಯ ಕಷ್ಟವಿರಬಹುದು, ಓದು ಹಿಂದೆ ಬಿದ್ದಿರಬಹುದು, ಮನಸ್ಸೇ ಒಗ್ಗದಿರಬಹುದು. ಕಾರಣ ಬಿಡಿಸಿ ಹೇಳಲೇಬೇಕು ಅಂತೇನಿಲ್ಲ, ‘ಇನ್ನು ಬರೋಕಾಗಲ್ಲ’ ಅಂದರೂ ಸಾಕು. ನಿಮ್ಮ ಹತ್ತಿರ ಇರುವ ಕೀಲಿ, ಲೆಕ್ಕದ ಚೀಟಿ, ಕ್ಲಬ್ಬಿನ ಮೇಲ್ ಪಾಸ್‌ವರ್ಡ್ ಒಬ್ಬರ ಕೈಗೆ ಕೊಟ್ಟು ಹೋಗಿ. ಪರೀಕ್ಷೆ ಮುಗಿದ ಮೇಲೆ ಬರಬಹುದಾ ಅಂತಲೂ ಕೇಳಿ. ಹಾಗೆ ಕೇಳಿ ಹೋದ ಹುಡುಗಿಯೊಬ್ಬಳು ಎರಡು ತಿಂಗಳ ಮೇಲೆ ಬಂದಳು. ಈಗ ನಮ್ಮ ಬೆಳಕಿನ ವಿಭಾಗ ಪೂರ್ತಿ ಅವಳ ಕೈಲಿದೆ.